ನಂದಿಬೆಟ್ಟದ ತಪ್ಪಲಿನ ‘ಫ್ರೆಂಚ್’ ವೈನ್: ಮದ್ಯವೋ, ಹೃದಯದ ಔಷಧಿಯೋ?

ಪಟ್ಟನಾಯಕನಹಳ್ಳಿಯ ನಮ್ಮ ನೆಂಟರ ವಾಟ್ಸಾಪ್ ಗ್ರೂಪಿಗೆ ಒಂದು ಫಾರ್ವರ್ಡ್ ಬಂತು. ಫ್ರಾನ್ಸಿನ ಜನ ಬೆಣ್ಣೆ, ಚೀಸ್, ಮಾಂಸ ಎಲ್ಲ ತಿಂದರೂ ಅವರಿಗೆ ಹೃದಯಾಘಾತ ಆಗುವುದಿಲ್ಲವಂತೆ, ಕಾರಣ ದಿನಕ್ಕೊಂದು ಲೋಟ ರೆಡ್ ವೈನ್ ಅಂತೆ. ವೈನ್ ಬರೀ ದ್ರಾಕ್ಷಿ ರಸವಂತೆ, ಮದ್ಯವೇ ಅಲ್ಲವಂತೆ, ಕುಡಿದರೆ ರಕ್ತ ಹೆಚ್ಚುತ್ತದಂತೆ. ಅದೇ ಫ್ರೆಂಚ್ ವೈನ್ ಈಗ ನಮ್ಮ ನಂದಿಬೆಟ್ಟದಲ್ಲೇ ಸಿಗುತ್ತದಂತೆ. ಕೆಳಗೆ ದ್ರಾಕ್ಷಿ ಗೊಂಚಲಿನ ಚಿತ್ರ, ಎರಡು ಕೈ ಮುಗಿಯುವ ಎಮೋಜಿ.

ಬಿಪಿ ಮಾತ್ರೆ ತೆಗೆದುಕೊಳ್ಳುವ ದೊಡ್ಡಪ್ಪ ಅದನ್ನು ಓದಿ ಸಂಜೆಗೇ ಫೋನ್ ಮಾಡಿದರು. “ಅಲ್ಲ ಕಣಮ್ಮ, ನೀನು ಓದಿದೋಳು, ಹೇಳು. ಮಾತ್ರೆ ಬಿಟ್ಟು ಇದನ್ನೇ ಒಂದೊಂದು ಲೋಟ ತಗೊಂಡ್ರೆ ಆಗಲ್ವಾ?”

ಈ ಲೇಖನ ದೊಡ್ಡಪ್ಪನಿಗೆ, ಮತ್ತು ಇಂಥ ಫಾರ್ವರ್ಡ್ ಬಂದಿರುವ ಎಲ್ಲರಿಗೂ ನಮ್ಮ ಉತ್ತರ.

ಮೊದಲೇ ಚುಟುಕಾಗಿ ಹೇಳಿಬಿಡುತ್ತೇವೆ. ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿಯಿಂದ ವೈನ್ ಮಾಡುತ್ತಾರೆ ಎನ್ನುವುದು ನಿಜ. ಅದು ಔಷಧಿ ಎನ್ನುವುದು ಸುಳ್ಳು. ಮಾತ್ರೆ ಬಿಟ್ಟು ವೈನ್ ಹಿಡಿದರೆ ಅಪಾಯ. ಈಗ ಒಂದೊಂದಾಗಿ ನೋಡೋಣ.

ನಂದಿಬೆಟ್ಟಕ್ಕೆ ಫ್ರೆಂಚ್ ದ್ರಾಕ್ಷಿ ಬಂದದ್ದು ಹೇಗೆ?

ಮಧುಗಿರಿ, ಕೊರಟಗೆರೆ ದಾಟಿ ದೊಡ್ಡಬಳ್ಳಾಪುರದ ಕಡೆ ಹೊರಟರೆ ದೂರದಲ್ಲಿ ನಂದಿಬೆಟ್ಟ ಕಾಣುತ್ತದೆ. ಆ ತಪ್ಪಲಿನಲ್ಲಿ ಗ್ರೋವರ್ ಕುಟುಂಬದ ದ್ರಾಕ್ಷಿ ತೋಟ ಇದೆ. ಕನ್ವಲ್ ಗ್ರೋವರ್ ಎಂಬ ಉದ್ಯಮಿ ವ್ಯಾಪಾರದ ಕೆಲಸಕ್ಕೆ ಫ್ರಾನ್ಸಿಗೆ ಹೋಗಿಬರುತ್ತಿದ್ದರು. ಅಲ್ಲಿ ಅಪ್ಪ, ಮಗ, ಮೊಮ್ಮಗ ಹೀಗೆ ಒಂದೇ ಕುಟುಂಬದವರು ದ್ರಾಕ್ಷಿ ಬೆಳೆದು, ತಾವೇ ವೈನ್ ಮಾಡಿ, ತಾವೇ ಬಾಟಲಿಗೆ ತುಂಬಿಸಿ ಮಾರುವ ತೋಟಗಳು ಸಾವಿರಾರು ಇವೆ. ಅಂಥದ್ದೊಂದನ್ನು ಭಾರತದಲ್ಲಿ ಮಾಡಬೇಕೆಂದು ಅವರಿಗೆ ಅನ್ನಿಸಿತು.

ಫ್ರಾನ್ಸಿನ ಶಾಂಪೇನ್ ಪ್ರದೇಶದ ಜಾರ್ಜ್ ವೆಸೆಲ್ ಎಂಬ ವೈನ್ ತಜ್ಞರ ಸಹಾಯ ಪಡೆದು, ಸುಮಾರು 35 ಫ್ರೆಂಚ್ ತಳಿಗಳನ್ನು ಬೇರೆ ಬೇರೆ ಜಾಗದಲ್ಲಿ ವರ್ಷಗಟ್ಟಲೆ ನೆಟ್ಟು ನೋಡಿದರು. ಹೆಚ್ಚಿನವು ಒಗ್ಗಲಿಲ್ಲ. ಉಳಿದ ಕೆಲವೇ ತಳಿಗಳನ್ನು ಇಟ್ಟುಕೊಂಡು, ನಂದಿಬೆಟ್ಟದ ತಪ್ಪಲನ್ನು ಆರಿಸಿಕೊಂಡು 1988ರಲ್ಲಿ ಗ್ರೋವರ್ ವೈನ್‌ಯಾರ್ಡ್ಸ್ ಆರಂಭಿಸಿದರು. ಮೊದಲ ವೈನ್ ಬಂದದ್ದು 1992ರಲ್ಲಿ. ಮುಂದೆ ಬೋರ್ಡೋ ಪ್ರದೇಶದ ಹೆಸರಾಂತ ವೈನ್ ಸಲಹೆಗಾರ ಮಿಶೆಲ್ ರೋಲಾಂ ಕೂಡ ಕೈಜೋಡಿಸಿದರು. ಮಗ ಕಪಿಲ್, ಮೊಮ್ಮಗ ಕರಣ್ ಕೂಡ ಇದೇ ಕೆಲಸಕ್ಕೆ ಬಂದರು. 2012ರಲ್ಲಿ ನಾಸಿಕ್ ಕಡೆಯ ‘ಜಂಪಾ’ ವೈನ್ ಕಂಪನಿಯ ಜೊತೆ ಸೇರಿ ‘ಗ್ರೋವರ್ ಜಂಪಾ’ ಆಯಿತು. ಈಗ ಹೊರಗಿನ ಹೂಡಿಕೆದಾರರೂ ಇದ್ದಾರೆ.

ಅಂದರೆ ಫಾರ್ವರ್ಡಿನಲ್ಲಿ ಹೇಳಿದ ಹಾಗೆ ಫ್ರಾನ್ಸಿನಿಂದ ವೈನ್ ತಂದು ಇಲ್ಲಿ ಮಾರುತ್ತಿಲ್ಲ. ತಳಿ ಫ್ರಾನ್ಸಿನದು, ಮಣ್ಣು, ಮಳೆ, ಕೈಕೆಲಸ ಇಲ್ಲಿಯದು.

ಮಣ್ಣು ಬದಲಾದರೆ ರುಚಿ ಬದಲಾಗುತ್ತಾ?

ಬದಲಾಗುತ್ತದೆ. ನಂಜನಗೂಡು ರಸಬಾಳೆಯ ಕಂದನ್ನು ಬೇರೆ ಕಡೆ ನೆಟ್ಟರೆ ಅದೇ ರುಚಿ ಬರುವುದಿಲ್ಲ ಎಂದು ನಮ್ಮ ಹಿರಿಯರು ಹೇಳುತ್ತಾರಲ್ಲ, ಹಾಗೆ. ಫ್ರೆಂಚರು ಮಣ್ಣು, ಹವೆ, ಎತ್ತರ, ಬೆಳೆಯುವವರ ರೂಢಿ ಎಲ್ಲ ಸೇರಿದ್ದಕ್ಕೆ ‘ಟೆರ್ವಾರ್’ ಎಂದು ಒಂದೇ ಪದ ಇಟ್ಟಿದ್ದಾರೆ.

ಬೋರ್ಡೋದಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗಿಬಿಡುತ್ತದೆ. ವಸಂತಕ್ಕೆ ಚಿಗುರಿ ಸೆಪ್ಟೆಂಬರ್ ಹೊತ್ತಿಗೆ ಹಣ್ಣು ಕೊಯ್ಲಿಗೆ ಬರುತ್ತದೆ. ನಮ್ಮ ಕಡೆ ಅಂಥ ಚಳಿ ಇಲ್ಲ. ಬಳ್ಳಿ ಮಲಗುವುದೇ ಇಲ್ಲ. ಬಿಟ್ಟರೆ ವರ್ಷವಿಡೀ ಚಿಗುರುತ್ತಲೇ ಇರುತ್ತದೆ. ಅದಕ್ಕೇ ಇಲ್ಲಿ ವರ್ಷಕ್ಕೆ ಎರಡು ಸಲ ಸವರುತ್ತಾರೆ. ಬೇಸಿಗೆಯಲ್ಲಿ ಒಮ್ಮೆ, ಮಳೆ ತಗ್ಗುವ ಸೆಪ್ಟೆಂಬರ್-ಅಕ್ಟೋಬರ್ ಹೊತ್ತಿಗೆ ಇನ್ನೊಮ್ಮೆ. ಎರಡನೇ ಸವರಿಕೆಯ ನಂತರ ಬರುವ ಹಣ್ಣು ಫೆಬ್ರವರಿಯಿಂದ ಏಪ್ರಿಲ್ ಒಳಗೆ ಕೊಯ್ಲು. ಹಗಲು ಬಿಸಿಲು, ರಾತ್ರಿ ತಂಪು ಇದ್ದರೆ ಹಣ್ಣಿನಲ್ಲಿ ಸಕ್ಕರೆಯ ಜೊತೆ ಹುಳಿಯೂ ಉಳಿಯುತ್ತದೆ. ಬೆಟ್ಟದ ತಪ್ಪಲಿನ ಎತ್ತರ ಅದಕ್ಕೆ ಅನುಕೂಲ.

ವೈನ್ ದ್ರಾಕ್ಷಿ ನಾವು ಸಂತೆಯಲ್ಲಿ ಕೊಳ್ಳುವ ದ್ರಾಕ್ಷಿಯಲ್ಲ. ಕಾಯಿ ಚಿಕ್ಕದು, ಸಿಪ್ಪೆ ದಪ್ಪ, ಒಳಗೆ ಬೀಜ. ಹಾಗಾಗಿ ಶಿರಾ, ಪಾವಗಡದ ಕಡೆಯ ರೈತರಿಗೆ ಒಂದು ಮಾತು: ‘ವೈನ್ ದ್ರಾಕ್ಷಿ ಹಾಕಿ ಲಕ್ಷಾಧಿಪತಿಯಾಗಿ’ ಎಂಬ ವಿಡಿಯೊ ನೋಡಿ ಶೇಂಗಾ ಹೊಲ ಕಿತ್ತುಹಾಕಬೇಡಿ. ಕೊಳ್ಳುವ ವೈನರಿಯ ಜೊತೆ ಮೊದಲೇ ಲಿಖಿತ ಒಪ್ಪಂದ ಇಲ್ಲದಿದ್ದರೆ, ಈ ಹಣ್ಣನ್ನು ಸಂತೆಯಲ್ಲಿ ತಿನ್ನುವ ದ್ರಾಕ್ಷಿ ಎಂದು ಮಾರುವುದು ಕಷ್ಟ.

ಶಿರಾಜ್ ಅಂದರೆ ನಮ್ಮ ಶಿರಾ ದ್ರಾಕ್ಷಿಯಾ?

ನಗು ಬಂದರೂ ಇದು ನಮಗೆ ನಿಜವಾಗಿ ಬಂದ ಪ್ರಶ್ನೆ. ಬಾಟಲಿಯ ಮೇಲೆ ‘ಶಿರಾಜ್’ ಎಂದಿರುತ್ತದೆ. ಅದೇ ದ್ರಾಕ್ಷಿಯನ್ನು ಫ್ರೆಂಚರು ‘ಸಿರಾ’ ಎನ್ನುತ್ತಾರೆ. ಕೇಳಿದರೆ ನಮ್ಮ ತಾಲ್ಲೂಕಿನ ಹೆಸರೇ! ಆದರೆ ಸಂಬಂಧ ಏನೂ ಇಲ್ಲ. ಇರಾನಿನ ಶಿರಾಜ್ ಪಟ್ಟಣದಿಂದ ಬಂದ ದ್ರಾಕ್ಷಿ ಎಂಬ ಹಳೆಯ ಕಥೆಯೂ ಸುಳ್ಳೇ. ಅಮೆರಿಕ ಮತ್ತು ಫ್ರಾನ್ಸಿನ ವಿಜ್ಞಾನಿಗಳು ಡಿಎನ್‌ಎ ಪರೀಕ್ಷೆ ಮಾಡಿದಾಗ, ಇದು ಫ್ರಾನ್ಸಿನದೇ ಆದ ಎರಡು ಹಳೆಯ ತಳಿಗಳು ತಾನಾಗಿ ಬೆರೆತು ಹುಟ್ಟಿದ್ದು ಎಂದು ಗೊತ್ತಾಯಿತು.

ಬಾಟಲಿಯ ಮೇಲಿನ ಹೆಸರುಗಳ ಅರ್ಥ ಏನು?

ಗ್ರೋವರ್ ಜಂಪಾದ ವೈನ್‌ಗಳನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ.

• ಲಾ ರಿಸರ್ವ್: ಈ ತೋಟಕ್ಕೆ ಹೆಸರು ತಂದ ಕೆಂಪು ವೈನ್. ಕ್ಯಾಬರ್ನೆ ಸೋವಿನ್ಯಾನ್ ಮತ್ತು ಶಿರಾಜ್ ಎಂಬ ಎರಡು ಕಪ್ಪು ದ್ರಾಕ್ಷಿಗಳ ಮಿಶ್ರಣ. ಓಕ್ ಮರದ ಪೀಪಾಯಿಯಲ್ಲಿ ಕೆಲವು ತಿಂಗಳು ಇಟ್ಟು ಆಮೇಲೆ ಬಾಟಲಿಗೆ ತುಂಬಿಸುತ್ತಾರೆ. ಮರದ ವಾಸನೆ, ಒಗರು ಅದಕ್ಕೆ ಸೇರುತ್ತದೆ.

• ಆರ್ಟ್ ಕಲೆಕ್ಷನ್: ಕೆಂಪು, ಬಿಳಿ, ಗುಲಾಬಿ ಮೂರೂ ಬಣ್ಣದಲ್ಲಿ ಸಿಗುವ, ದಿನಬಳಕೆಯ ಸಾಲು. ಸೋವಿನ್ಯಾನ್ ಬ್ಲಾಂ, ವಿಯೋನಿಯೇ ಎಂಬ ಬಿಳಿ ದ್ರಾಕ್ಷಿಗಳ ವೈನ್ ಇದರಲ್ಲಿವೆ.

• ಶೆನ್: ಫ್ರೆಂಚ್ ಭಾಷೆಯಲ್ಲಿ ಈ ಪದಕ್ಕೆ ಓಕ್ ಮರ ಎಂದೇ ಅರ್ಥ. ಪೀಪಾಯಿಯಲ್ಲಿ ಮಾಗಿಸಿದ ಕೆಂಪು ವೈನ್.

• ಸ್ವಾರೇ: ನೊರೆ ಉಕ್ಕುವ ವೈನ್. ಇದನ್ನು ಶಾಂಪೇನ್ ಎಂದು ಕರೆಯುವ ಹಾಗಿಲ್ಲ. ಆ ಹೆಸರು ಫ್ರಾನ್ಸಿನ ಶಾಂಪೇನ್ ಪ್ರದೇಶದಲ್ಲಿ ಮಾಡಿದ್ದಕ್ಕೆ ಮಾತ್ರ ಸಲ್ಲುತ್ತದೆ.

ಬಾಟಲಿಯ ಮೇಲೆ ಇಸವಿ ಇದ್ದರೆ ಅದು ದ್ರಾಕ್ಷಿ ಕೊಯ್ದ ವರ್ಷ. ‘ಡ್ರೈ’ ಅಂದರೆ ಸಿಹಿ ಇಲ್ಲದ್ದು. ‘ರಿಸರ್ವ್’ ಎಂಬ ಪದಕ್ಕೆ ಸ್ಪೇನಿನಲ್ಲಿ ಕಾನೂನಿನ ಅರ್ಥ ಇದೆ. ಎಲ್ಲ ದೇಶಗಳಲ್ಲೂ ಇಲ್ಲ. ಆ ಪದ ನೋಡಿದ ಮಾತ್ರಕ್ಕೆ ಎರಡು ಪಟ್ಟು ಬೆಲೆ ಕೊಡಬೇಕಿಲ್ಲ.

ಬಾಟಲಿಯ ಮೇಲೆ ಎಲ್ಲಕ್ಕಿಂತ ಮುಖ್ಯವಾದದ್ದು ಮೂಲೆಯಲ್ಲಿ ಸಣ್ಣಕ್ಷರದಲ್ಲಿರುವ ಮದ್ಯಸಾರದ ಶೇಕಡಾ ಪ್ರಮಾಣ. ಸಾಮಾನ್ಯವಾಗಿ 12ರಿಂದ 14.

ಹೇಳಿಕೆ 1: ವೈನ್ ಬರೀ ದ್ರಾಕ್ಷಿ ರಸ, ಮದ್ಯ ಅಲ್ಲ

ಸುಳ್ಳು.

ಈಚಲು ಮರದ ಸೇಂದಿ ನೋಡಿದವರಿಗೆ ಇದು ಸುಲಭವಾಗಿ ಅರ್ಥವಾಗುತ್ತದೆ. ಬೆಳಿಗ್ಗೆ ಇಳಿಸಿದಾಗ ಸಿಹಿ, ಮಧ್ಯಾಹ್ನಕ್ಕೆ ನೊರೆ, ಸಂಜೆಗೆ ಅಮಲು. ಯಾರೂ ಏನೂ ಬೆರೆಸಲಿಲ್ಲ. ಯೀಸ್ಟ್ ಎಂಬ ಕಣ್ಣಿಗೆ ಕಾಣದ ಜೀವಿ ಸಕ್ಕರೆಯನ್ನು ತಿಂದು ಮದ್ಯಸಾರ ಮತ್ತು ಇಂಗಾಲದ ಡೈಆಕ್ಸೈಡ್ ಅನಿಲ ಬಿಡುತ್ತದೆ. ನೊರೆ ಬರುವುದು ಆ ಅನಿಲದಿಂದ.

ವೈನರಿಯಲ್ಲೂ ಇದೇ ನಡೆಯುತ್ತದೆ. ಕಾಲಿನಿಂದ ತುಳಿಯುವ ಕಾಲ ಹೋಯಿತು. ಯಂತ್ರದಲ್ಲಿ ತೊಟ್ಟು ಬಿಡಿಸಿ, ಹಣ್ಣು ಒಡೆದು, ಸ್ಟೀಲ್ ಟ್ಯಾಂಕಿಗೆ ಹಾಕಿ, ಆರಿಸಿದ ಯೀಸ್ಟ್ ಸೇರಿಸಿ, ಬಿಸಿ ಏರದಂತೆ ಕಾಯುತ್ತಾರೆ. ಕೆಂಪು ವೈನ್ ಮಾಡುವಾಗ ರಸದ ಜೊತೆ ಸಿಪ್ಪೆಯನ್ನೂ ಬಿಡುತ್ತಾರೆ, ಬಣ್ಣ ಬರುವುದು ಸಿಪ್ಪೆಯಿಂದ. ಬಿಳಿ ವೈನಿಗೆ ಸಿಪ್ಪೆ ತೆಗೆದು ರಸ ಮಾತ್ರ. ಸಕ್ಕರೆ ಹೆಚ್ಚುಕಡಿಮೆ ಪೂರ್ತಿ ಮುಗಿದಾಗ ರಸ ಹೋಗಿ ವೈನ್ ಆಗಿರುತ್ತದೆ.

ಈಗ ಲೆಕ್ಕ ಹಾಕೋಣ. ಶೇಕಡಾ 13 ಮದ್ಯಸಾರದ ವೈನ್ 150 ಎಂಎಲ್ ಕುಡಿದರೆ ಮೈಗೆ ಸೇರುವ ಶುದ್ಧ ಮದ್ಯಸಾರ ಸುಮಾರು 15 ಗ್ರಾಂ. ಬಾರಿನಲ್ಲಿ ಸಿಗುವ ಶೇಕಡಾ 42.8ರ ವಿಸ್ಕಿಯ 90 ಎಂಎಲ್ ಪ್ಯಾಕೆಟ್ಟಿನಲ್ಲಿ ಸುಮಾರು 30 ಗ್ರಾಂ. ಅಂದರೆ ಎರಡು ಲೋಟ ವೈನ್ ಒಂದು ‘ತೊಂಬತ್ತ’ಕ್ಕೆ ಸಮ. ಒಂದು ಪೂರ್ತಿ 750 ಎಂಎಲ್ ವೈನ್ ಬಾಟಲಿ ಅಂದರೆ ಎರಡೂವರೆ ತೊಂಬತ್ತು! ನಮ್ಮ ಮನೆಯ ಸ್ಟೀಲ್ ಲೋಟ 150 ಎಂಎಲ್‌ಗಿಂತ ದೊಡ್ಡದು ಎನ್ನುವುದನ್ನೂ ನೆನಪಿಡಿ.

ಪೊಲೀಸರ ಉಸಿರಾಟದ ಯಂತ್ರಕ್ಕೂ ವೈನ್, ವಿಸ್ಕಿ ಎಂಬ ಭೇದ ಇಲ್ಲ. ಮೋಟಾರು ವಾಹನ ಕಾಯ್ದೆಯ ಪ್ರಕಾರ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಹೆಚ್ಚು ಮದ್ಯಸಾರ ಇದ್ದು ಗಾಡಿ ಓಡಿಸಿದರೆ ಅಪರಾಧ.

ಹೇಳಿಕೆ 2: ದಿನಕ್ಕೊಂದು ಲೋಟ ರೆಡ್ ವೈನ್ ಹೃದಯ ಕಾಯುತ್ತದೆ

ಸಾಬೀತಾಗಿಲ್ಲ. ಔಷಧಿಯಾಗಿ ಯಾರೂ ಕುಡಿಯಬಾರದು.

ಈ ಮಾತು ಗಾಳಿಯಲ್ಲಿ ಹುಟ್ಟಿದ್ದಲ್ಲ. 1991ರಲ್ಲಿ ಅಮೆರಿಕದ ‘60 ಮಿನಿಟ್ಸ್’ ಟಿವಿ ಕಾರ್ಯಕ್ರಮದಲ್ಲಿ ‘ಫ್ರೆಂಚ್ ವಿರೋಧಾಭಾಸ’ದ ಬಗ್ಗೆ ವರದಿ ಬಂತು. 1992ರಲ್ಲಿ ಫ್ರೆಂಚ್ ವಿಜ್ಞಾನಿ ಸೆರ್ಜ್ ರೆನೋ ಮತ್ತು ಅವರ ಸಹೋದ್ಯೋಗಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ, ಕೊಬ್ಬು ತಿಂದರೂ ಫ್ರೆಂಚರಲ್ಲಿ ಹೃದಯ ಕಾಯಿಲೆಯ ಸಾವು ಕಡಿಮೆ, ಅದಕ್ಕೆ ವೈನ್ ಕಾರಣ ಇರಬಹುದು ಎಂದು ಬರೆದರು. ‘ಇರಬಹುದು’ ಎಂಬ ಪದ ಫಾರ್ವರ್ಡ್ ಆಗುತ್ತಾ ಆಗುತ್ತಾ ಉದುರಿಹೋಯಿತು.

ನಂತರದ ಸಂಶೋಧನೆಯಲ್ಲಿ ಈ ವಾದದ ತೂತುಗಳು ಕಾಣಿಸಿದವು.

ಒಂದು: ‘ಕುಡಿಯದವರು’ ಎಂಬ ಗುಂಪಿನಲ್ಲಿ ಯಾರಿದ್ದರು? ನಿಮ್ಮ ಊರನ್ನೇ ನೋಡಿ. ಈಗ ಕುಡಿಯದವರಲ್ಲಿ ಕೆಲವರು, ಲಿವರ್ ಕೆಟ್ಟು ಡಾಕ್ಟರ್ ಬೈದ ಮೇಲೆ ಬಿಟ್ಟವರು. ಅವರನ್ನೂ ಆ ಪಟ್ಟಿಗೆ ಸೇರಿಸಿ ಹೋಲಿಸಿದರೆ ಸ್ವಲ್ಪ ಕುಡಿಯುವವರೇ ಆರೋಗ್ಯವಂತರಾಗಿ ಕಾಣುತ್ತಾರೆ.

ಎರಡು: ಯುರೋಪಿನಲ್ಲಿ, ಅಮೆರಿಕದಲ್ಲಿ ಊಟದ ಜೊತೆ ಒಂದು ಲೋಟ ವೈನ್ ಕುಡಿಯುವವರಲ್ಲಿ ಅನುಕೂಲಸ್ಥರು ಹೆಚ್ಚು. ಒಳ್ಳೆಯ ಊಟ, ವ್ಯಾಯಾಮ, ಬೇಗ ಸಿಗುವ ಆಸ್ಪತ್ರೆ ಎಲ್ಲ ಅವರಿಗೆ ಇರುತ್ತವೆ. ಇವುಗಳ ಪುಣ್ಯ ವೈನಿಗೆ ಹೋಯಿತು.

ಮೂರು: ಫ್ರಾನ್ಸಿನಲ್ಲಿ ಹೃದಯ ಕಾಯಿಲೆಯ ಕೆಲವು ಸಾವುಗಳು ಬೇರೆ ಕಾರಣದ ಹೆಸರಿನಲ್ಲಿ ದಾಖಲಾಗುತ್ತಿದ್ದವು. ಅದೇ ದೇಶದಲ್ಲಿ ಕುಡಿತದಿಂದ ಲಿವರ್ ಹಾಳಾಗಿ ಸತ್ತವರ ಸಂಖ್ಯೆ ದೊಡ್ಡದಿತ್ತು. ಅದನ್ನು ಯಾರೂ ಫಾರ್ವರ್ಡ್ ಮಾಡಲಿಲ್ಲ.

‘ರೆಸ್ವೆರಾಟ್ರಾಲ್’ ಎಂಬ ವಸ್ತುವಿನ ಹೆಸರೂ ಕೇಳಿರುತ್ತೀರಿ. ಅದು ಕಪ್ಪು ದ್ರಾಕ್ಷಿಯ ಸಿಪ್ಪೆಯಲ್ಲಿ ಇರುವುದು ನಿಜ. ಆದರೆ ವೈನಿನಲ್ಲಿ ಲೀಟರಿಗೆ ಕೆಲವೇ ಮಿಲಿಗ್ರಾಂ. ಪ್ರಯೋಗಗಳಲ್ಲಿ ದಿನಕ್ಕೆ ನೂರಾರು ಮಿಲಿಗ್ರಾಂ ಕೊಡುತ್ತಾರೆ. ಲೀಟರಿಗೆ 5 ಮಿಲಿಗ್ರಾಂ ಎಂದು ಧಾರಾಳವಾಗಿ ಹಿಡಿದರೂ 500 ಮಿಲಿಗ್ರಾಂ ಸಿಗಲು 100 ಲೀಟರ್ ಕುಡಿಯಬೇಕು. ಇಟಲಿಯ ವೈನ್ ಸೀಮೆಯಾದ ಕಿಯಾಂಟಿಯಲ್ಲಿ 65 ದಾಟಿದ 783 ಮಂದಿಯನ್ನು ವರ್ಷಗಟ್ಟಲೆ ಗಮನಿಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಹಾರದಿಂದ ಬಂದ ರೆಸ್ವೆರಾಟ್ರಾಲ್ ಹೆಚ್ಚಿದ್ದವರಿಗೆ ಹೃದಯ ಕಾಯಿಲೆಯೂ ಕಡಿಮೆ ಇರಲಿಲ್ಲ, ಆಯಸ್ಸೂ ಹೆಚ್ಚಿರಲಿಲ್ಲ.

ಇನ್ನೊಂದು ಬದಿಯ ಪುರಾವೆ ಗಟ್ಟಿಯಾಗಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗ 1988ರಲ್ಲೇ ಮದ್ಯವನ್ನು ಕ್ಯಾನ್ಸರ್ ತರುವ ವಸ್ತುಗಳ ಮೊದಲ ಗುಂಪಿಗೆ ಸೇರಿಸಿತು. ಬಾಯಿ, ಗಂಟಲು, ಅನ್ನನಾಳ, ಲಿವರ್, ಕರುಳು, ಸ್ತನ ಇವುಗಳ ಕ್ಯಾನ್ಸರಿಗೂ ಮದ್ಯಕ್ಕೂ ನಂಟಿದೆ. ವೈನಿಗೆ ರಿಯಾಯಿತಿ ಇಲ್ಲ. ಆರೋಗ್ಯಕ್ಕೆ ಸುರಕ್ಷಿತ ಎನ್ನಬಹುದಾದ ಮದ್ಯದ ಪ್ರಮಾಣವೇ ಇಲ್ಲ ಎಂದು 2023ರ ಜನವರಿಯಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹೇಳಿತು.

ಹೇಳಿಕೆ 3: ರೆಡ್ ವೈನ್ ಕುಡಿದರೆ ರಕ್ತ ಹೆಚ್ಚುತ್ತದೆ

ಸುಳ್ಳು. ಹೆಣ್ಣುಮಕ್ಕಳ ವಿಷಯದಲ್ಲಿ ಅಪಾಯಕಾರಿ ಸುಳ್ಳು.

ಬಾಣಂತಿಗೆ, ರಕ್ತ ಕಡಿಮೆ ಇರುವ ಹೆಣ್ಣುಮಗಳಿಗೆ ‘ಪೋರ್ಟ್ ವೈನ್’ ಕೊಡಿ ಎಂಬ ಸಲಹೆ ಹಳ್ಳಿಗಳಲ್ಲಿ ಇನ್ನೂ ಓಡಾಡುತ್ತದೆ. ಬಣ್ಣ ಕೆಂಪು, ಹಾಗಾಗಿ ರಕ್ತವಾಗುತ್ತದೆ ಎಂಬ ನಂಬಿಕೆ. 150 ಎಂಎಲ್ ಕೆಂಪು ವೈನಿನಲ್ಲಿ ಒಂದು ಮಿಲಿಗ್ರಾಂ ಕಬ್ಬಿಣಾಂಶವೂ ಇರುವುದಿಲ್ಲ. ವಯಸ್ಕ ಹೆಣ್ಣುಮಕ್ಕಳಿಗೆ ದಿನಕ್ಕೆ 29 ಮಿಲಿಗ್ರಾಂ ಬೇಕು ಎನ್ನುತ್ತದೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ. ವೈನಿನ ಒಗರು ಅಂಶವಾದ ಟ್ಯಾನಿನ್, ಊಟದಲ್ಲಿನ ಕಬ್ಬಿಣಾಂಶವನ್ನು ಮೈ ಹೀರಿಕೊಳ್ಳದಂತೆ ತಡೆಯುತ್ತದೆ ಕೂಡ. ನಮ್ಮ ರಾಗಿ, ಸೊಪ್ಪು, ಕಾಳು, ಜೊತೆಗೆ ಒಂದು ಹೋಳು ನಿಂಬೆ ಇದಕ್ಕಿಂತ ಎಷ್ಟೋ ಮೇಲು. ರಕ್ತಹೀನತೆ ಹೆಚ್ಚಿದ್ದರೆ ಊಟವಷ್ಟೇ ಸಾಲದು. ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿ ಕೊಡುವ ಕಬ್ಬಿಣಾಂಶದ ಮಾತ್ರೆ ಬೇಕು. ಆಶಾ ಕಾರ್ಯಕರ್ತೆಯನ್ನು ಕೇಳಿ.

ಬಸುರಿ ಕುಡಿದರೆ ಮದ್ಯಸಾರ ಹೊಟ್ಟೆಯಲ್ಲಿರುವ ಮಗುವಿಗೂ ಹೋಗುತ್ತದೆ. ಬಾಣಂತಿ ಕುಡಿದರೆ ಎದೆಹಾಲಿಗೂ ಬರುತ್ತದೆ. ‘ಒಂದೇ ಮುಚ್ಚಳ ತಾನೇ’ ಎನ್ನುವ ಅತ್ತೆಗೆ, ಅಜ್ಜಿಗೆ ಇದನ್ನು ಸಮಾಧಾನವಾಗಿ ತಿಳಿಸಿ. ಅವರೂ ಒಳ್ಳೆಯದಾಗಲಿ ಎಂದೇ ಹೇಳುತ್ತಿರುತ್ತಾರೆ.

ಹೇಳಿಕೆ 4: ವೈನ್ ಹಳೆಯದಾದಷ್ಟೂ ಒಳ್ಳೆಯದು

ಅರ್ಧ ಸತ್ಯ.

ಟ್ಯಾನಿನ್, ಹುಳಿ ಎರಡೂ ಹೆಚ್ಚಿರುವ ಕೆಲವೇ ವೈನ್‌ಗಳು ವರ್ಷ ಕಳೆದಂತೆ ಹದವಾಗುತ್ತವೆ, ಅದೂ ಕತ್ತಲೆಯಲ್ಲಿ, ತಂಪಿನಲ್ಲಿ ಇಟ್ಟರೆ. ಪ್ರಪಂಚದ ಬಹುಪಾಲು ವೈನ್ ಕೆಲವು ವರ್ಷಗಳಲ್ಲೇ ಕುಡಿದು ಮುಗಿಸಲೆಂದು ಮಾಡಿದ್ದು. ನಮ್ಮ ಬೇಸಿಗೆಯಲ್ಲಿ ಬೀರುವಿನ ಮೇಲೆ ಹತ್ತು ವರ್ಷ ಇಟ್ಟ ಬಾಟಲಿ ಅಮೃತವಾಗುವುದಿಲ್ಲ, ಕೆಡುತ್ತದೆ. ಮುಚ್ಚಳ ತೆಗೆದ ಮೇಲಂತೂ ಗಾಳಿ ತಾಗಿ ಕೆಲವೇ ದಿನಗಳಲ್ಲಿ ಹುಳಿಯಾಗುತ್ತದೆ.

ಮಾತ್ರೆ ತೆಗೆದುಕೊಳ್ಳುವವರು ಇದನ್ನು ತಪ್ಪದೆ ಓದಿ

• ಬಿಪಿ ಇರುವವರಿಗೆ ಮದ್ಯ ಬಿಪಿಯನ್ನು ಏರಿಸುತ್ತದೆ.

• ಸಕ್ಕರೆ ಕಾಯಿಲೆಗೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಳ್ಳುವವರು ಖಾಲಿ ಹೊಟ್ಟೆಯಲ್ಲಿ ಕುಡಿದರೆ ರಕ್ತದ ಸಕ್ಕರೆ ಅಪಾಯದ ಮಟ್ಟಕ್ಕೆ ಇಳಿಯಬಹುದು. ತಲೆಸುತ್ತಿ ಬಿದ್ದರೆ ಕುಡಿದು ಬಿದ್ದಿದ್ದಾರೆ ಎಂದು ಮನೆಯವರು ಸುಮ್ಮನಾಗುವ ಸಂಭವ ಇದೆ.

• ನಿದ್ದೆ ಮಾತ್ರೆಯ ಜೊತೆ ಮದ್ಯ ಸೇರಿದರೆ ಉಸಿರಾಟಕ್ಕೇ ತೊಂದರೆ ಆಗಬಹುದು.

• ಯಾವ ಮಾತ್ರೆಯನ್ನೂ ಫಾರ್ವರ್ಡ್ ನೋಡಿ ನಿಲ್ಲಿಸಬೇಡಿ. ಬಿಪಿ ಮಾತ್ರೆ ಥಟ್ಟನೆ ಬಿಟ್ಟರೆ ಪಾರ್ಶ್ವವಾಯು ಆಗುವ ಅಪಾಯ ಹೆಚ್ಚುತ್ತದೆ.

ಹಾಗಾದರೆ ವೈನ್ ಕೆಟ್ಟದ್ದೇ?

ನಾವು ಯಾರಿಗೂ ನೀತಿ ಪಾಠ ಹೇಳಲು ಹೊರಟಿಲ್ಲ. ಹತ್ತಾರು ತಳಿ ನೆಟ್ಟು, ಸೋತು, ಉಳಿದದ್ದನ್ನು ವರ್ಷಕ್ಕೆರಡು ಸಲ ಸವರಿ, ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ದ್ರಾಕ್ಷಿಯನ್ನು ಒಗ್ಗಿಸಿದ ಶ್ರಮ ದೊಡ್ಡದು. ಅದನ್ನು ಬೇಸಾಯವೆಂದು ಮೆಚ್ಚಬಹುದು. ರುಚಿಗಾಗಿ ಕುಡಿಯುವವರು ಏನು ಕುಡಿಯುತ್ತಿದ್ದೇವೆ ಎಂದು ತಿಳಿದು, ಅಳತೆ ಅರಿತು ಕುಡಿಯಲಿ. ಕುಡಿಯದವರು ಆರೋಗ್ಯದ ಹೆಸರಿನಲ್ಲಿ ಶುರು ಮಾಡುವುದು ಬೇಡ. ಅಷ್ಟೇ ನಮ್ಮ ಮಾತು.

ದೊಡ್ಡಪ್ಪನಿಗೆ ಇಷ್ಟನ್ನೂ ಫೋನಿನಲ್ಲೇ ಹೇಳಿದೆವು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಂಗಾದ್ರೆ ದ್ರಾಕ್ಷಿನೇ ತಿಂತೀನಿ ಬಿಡಮ್ಮ, ಮಾತ್ರೆನೂ ನುಂಗ್ತೀನಿ” ಎಂದರು. ಸಕ್ಕರೆ ಕಾಯಿಲೆ ಇಲ್ಲದಿದ್ದರೆ ದ್ರಾಕ್ಷಿ ತಿನ್ನಲು ಅಡ್ಡಿಯಿಲ್ಲ, ಚೆನ್ನಾಗಿ ತೊಳೆದು ತಿನ್ನಿ ಎಂದೆವು.

ಗ್ರೂಪಿಗೆ ಕಳಿಸಲು ಇಷ್ಟು ಸಾಕು:

✔ ನಂದಿಬೆಟ್ಟದ ತಪ್ಪಲಿನಲ್ಲಿ ಫ್ರೆಂಚ್ ತಳಿಯ ದ್ರಾಕ್ಷಿಯಿಂದ ವೈನ್ ಮಾಡುವುದು ನಿಜ. ಗ್ರೋವರ್ ಕುಟುಂಬ 1988ರಲ್ಲಿ ಆರಂಭಿಸಿತು.

✘ ವೈನ್ ಮದ್ಯ ಅಲ್ಲ ಎನ್ನುವುದು ಸುಳ್ಳು. ಎರಡು ಲೋಟ ವೈನ್ ಒಂದು 90 ಎಂಎಲ್ ವಿಸ್ಕಿಗೆ ಸಮ.

✘ ಹೃದಯಕ್ಕೆ ಔಷಧಿ ಎನ್ನುವುದು ಸಾಬೀತಾಗಿಲ್ಲ. ಕ್ಯಾನ್ಸರ್ ಅಪಾಯ ಸಾಬೀತಾಗಿದೆ.

✘ ರಕ್ತ ಹೆಚ್ಚುತ್ತದೆ ಎನ್ನುವುದು ಸುಳ್ಳು. ಬಸುರಿ, ಬಾಣಂತಿಯರಿಗೆ ಕೊಡಲೇಬೇಡಿ.

ಹಳೆಯ ಫಾರ್ವರ್ಡ್ ನಿಮಗೆ ಯಾರಿಂದ ಬಂತೋ, ಇದನ್ನು ಮೊದಲು ಅವರಿಗೇ ಕಳಿಸಿ.